ನಲವತ್ತೆಂಟು ದಿನದ ಪಥ್ಯ

ಅಕ್ಕ ಹಗಲು ಹೊತ್ತಿನಲ್ಲಿ ಮಲಗಿದ್ದಳು. ನನಗೆ ಮೊದಲ ಅನುಮಾನ ಹುಟ್ಟಿದ್ದು ಅಲ್ಲಿಂದಲೇ.

ಅವಳನ್ನು ಶಿಡ್ಲಘಟ್ಟ ತಾಲ್ಲೂಕಿಗೆ, ದಿಬ್ಬೂರಹಳ್ಳಿ ಕಡೆಯ ಒಂದು ಊರಿಗೆ ಕೊಟ್ಟು ಆಗ ಆರು ವರ್ಷವಾಗಿತ್ತು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ನಾಲ್ಕು ಹಸು ಇರುವ ಮನೆ. ಹುಳುವಿಗೆ ದಿನಕ್ಕೆ ಮೂರು ಹೊತ್ತು ಸೊಪ್ಪು ಬೀಳಬೇಕು. ಅದು ತಿನ್ನುವಷ್ಟು ದಿನ ಮನೆಯವರಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ. ಅಂಥ ಮನೆಯ ನಡುಮನೆಯಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಫ್ಯಾನಿನ ಕೆಳಗೆ ಮಂಚದ ಮೇಲೆ ಸೊಸೆ ಮಲಗಿದ್ದಾಳೆ. ಅತ್ತೆ ಪಕ್ಕದಲ್ಲಿ ನಿಂತು ಎರಡು ಸ್ಟೀಲ್ ಲೋಟಗಳ ನಡುವೆ ಹಾಲನ್ನು ಎತ್ತಿ ಎತ್ತಿ ಹೊಯ್ದು ಆರಿಸುತ್ತಿದ್ದಾರೆ. ಹಾಲಿನ ಮೇಲೆ ಬೂದುಬಿಳಿ ಪುಡಿಯೊಂದು ತೇಲುತ್ತಿತ್ತು.

ನಾನು ಪಾಠ ಹೇಳುವ ಕಾಲೇಜು ಇರುವ ಚಿಂತಾಮಣಿಯಿಂದ ಬಸ್ಸು ಹಿಡಿದು ಹೇಳದೆ ಕೇಳದೆ ಹೋಗಿದ್ದೆ. ಹೇಳಿ ಹೋದರೆ ಎಲ್ಲರೂ ಮುಖ ಸರಿಮಾಡಿಕೊಂಡು ಕಾಯುತ್ತಿರುತ್ತಾರೆ ಎನ್ನುವುದು ನನ್ನ ಲೆಕ್ಕ.

"ಏನಿದು?" ಅಂದೆ.

"ಶತಾವರಿ," ಅಂದಳು ಅಕ್ಕ, ಏಳಲು ನೋಡುತ್ತ.

"ಪಿಲ್ಲಿಪೀಚರ ಗಡ್ಡಲು," ಎಂದು ತಿದ್ದಿದರು ಅವಳ ಅತ್ತೆ. ಆ ಮನೆಯ ಮಾತು ತೆಲುಗು, ಬೀದಿಯ ಮಾತು ಕನ್ನಡ. ಔಷಧಿಯ ವಿಷಯ ಬಂದರೆ ಅವರು ತೆಲುಗು ಬಿಟ್ಟು ಕದಲುವುದಿಲ್ಲ. "ಕನ್ನಡದಲ್ಲಿ ಹಲವು ಮಕ್ಕಳ ತಾಯಿ ಬೇರು ಅಂತಾರೆ ನೋಡಮ್ಮಣ್ಣಿ, ಅದೇ. ಹೆಂಗಸರಿಗೆ ಅಂತಲೇ ದೇವರು ಮಾಡಿರೋದು."

ಹಲವು ಮಕ್ಕಳ ತಾಯಿ. ಅಕ್ಕನಿಗೆ ಇರುವುದು ಒಂದೇ ಮಗು, ನಾಲ್ಕು ವರ್ಷದ ಹೆಣ್ಣು. ಓಹೋ, ಹೀಗೋ ಸಮಾಚಾರ ಅಂದುಕೊಂಡೆ. ಮೊಮ್ಮಗ ಬೇಕು, ಅದಕ್ಕೆ ಈ ಹಾಲು, ಈ ಮಂಚ, ಈ ಫ್ಯಾನು.

ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪೇ ಇರಲಿಲ್ಲ. ಒಂದು ವರ್ಷದಿಂದ ಅವಳಿಗೆ ಮುಟ್ಟು ಎಂಟು ದಿನ, ಒಂಬತ್ತು ದಿನ, ನಿಲ್ಲುವ ಲಕ್ಷಣವೇ ಇಲ್ಲದ ಹಾಗೆ ಹೋಗುತ್ತಿತ್ತು. ಫೋನಿನಲ್ಲಿ ಮಾತಾಡುವಾಗ ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು. ನಾನು ಹೋಗಿದ್ದೇ ಅದಕ್ಕೆ. ಊರಿನ ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ದೇವರ ಗೂಡಿನ ಪಕ್ಕ ಬಿದ್ದಿತ್ತು. ನಾಲ್ಕು ಮಾತ್ರೆ ಖಾಲಿ, ಉಳಿದದ್ದೆಲ್ಲ ಹಾಗೇ.

"ಇದ್ಯಾಕೆ ಬಿಟ್ಟೆ?"

"ಹೊಟ್ಟೆ ಉರೀತಿತ್ತು ಕಣೇ. ಅವು ಉಷ್ಣ ಅಂತೆ. ಶತಾವರಿ ತಂಪು. ಎರಡೂ ಒಟ್ಟಿಗೆ ಆಗಲ್ವಂತೆ."

"ಅಂತೆ ಅಂತೆ ಅಂತ ಹೇಳ್ತಿರೋರು ಯಾರು?"

"ಶಿಡ್ಲಘಟ್ಟದ ಗ್ರಂಧಿಗೆ ಅಂಗಡಿ ಸಾಹೇಬರು."

ಬೇರು ನಾರು ಮಾರುವ ಅಂಗಡಿಯವರು ರಕ್ತದ ವಿಷಯದಲ್ಲಿ ತೀರ್ಪು ಕೊಟ್ಟಿದ್ದಾರೆ. ಮೈಯೆಲ್ಲ ಉರಿಯಿತು. ಅತ್ತೆ ಆ ತೀರ್ಪನ್ನು ಬಾಯಿಪಾಠ ಒಪ್ಪಿಸಿದರು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಬೆಳಿಗ್ಗೆ ಸಂಜೆ ಒಂದೊಂದು ಚಮಚ ಪುಡಿ, ದೊಡ್ಡ ಲೋಟದ ತುಂಬ ಹಸುವಿನ ಹಾಲಿನಲ್ಲಿ, ಕಲ್ಲುಸಕ್ಕರೆ ಹಾಕಿ. ಅಷ್ಟೂ ದಿನ ತಲೆಯ ಮೇಲೆ ಹೊರೆ ಏರಬಾರದು. ಹುಳುವಿನ ಮನೆಯಲ್ಲಿ ಬಗ್ಗಿ ಕಸ ತೆಗೆಯಬಾರದು. ಮಧ್ಯಾಹ್ನ ಉಂಡು ಒಂದು ನಿದ್ದೆ ಮಾಡಲೇಬೇಕು. ಪಥ್ಯ ಮುರಿದರೆ ಬೇರು ತಿರುಗಿ ಬೀಳುತ್ತದೆ.

"ತಿರುಗಿ ಬೀಳುತ್ತೆ ಅಂದ್ರೆ?"

"ಅಂದ್ರೆ ತಿರುಗಿ ಬೀಳುತ್ತೆ," ಅಂದರು ಅತ್ತೆ. "ಎಲ್ಲಾದಕ್ಕೂ ಅಂದ್ರೆ ಅಂದ್ರೆ ಅಂತ ಕೇಳ್ಬಾರ್ದಮ್ಮ. ಹಾಲು ಆರಿಹೋಗುತ್ತೆ."

ಓದುವ ಕಾಲದಲ್ಲಿ ಮೂರು ವರ್ಷ ನಾನು ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಎಲ್ಲಿ ವೇದಿಕೆ ಸಿಕ್ಕಿದರೂ ಹತ್ತಿ ಕಪ್ಪು ಹಿಡಿದು ಇಳಿಯುತ್ತಿದ್ದೆವು. ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಎರಡು ವಿಷಯ ಕಲಿಸಿದ್ದರು. ಒಂದು, ಎದುರಾಳಿ ಏನು ಹೇಳುತ್ತಾನೆ ಎನ್ನುವುದಕ್ಕಿಂತ ಅದರಿಂದ ಅವನಿಗೇನು ಸಿಗುತ್ತದೆ ಎಂದು ನೋಡು. ಎರಡು, ಪರವೋ ವಿರೋಧವೋ ಎಂದು ಚೀಟಿ ಎತ್ತುವ ತನಕ ನಿನಗೆ ಅಭಿಪ್ರಾಯವೇ ಇಲ್ಲ ಅಂದುಕೊ. ಮೊದಲನೆಯದನ್ನು ನಾನು ಚೆನ್ನಾಗಿ ಕಲಿತೆ.

ಶತಾವರಿ ಎಂದು ಫೋನಿನಲ್ಲಿ ಒಂದು ಸಲ ಹುಡುಕಿದ್ದಕ್ಕೆ ವಾರವಿಡೀ ಗುಲಾಬಿ ಬಣ್ಣದ ಡಬ್ಬಿಗಳು ನನ್ನ ಬೆನ್ನು ಹತ್ತಿದವು. ಡಬ್ಬಿಯ ಮೇಲೆ ನಗುವ ಹೆಂಗಸರು. ಮುಟ್ಟು ಸರಿಹೋಗುತ್ತದೆ, ಎದೆಹಾಲು ಹೆಚ್ಚುತ್ತದೆ, ಮೈ ಕಳೆಗೊಳ್ಳುತ್ತದೆ, ಕೂದಲು ಉದುರುವುದಿಲ್ಲ, ಸಿಟ್ಟು ಇಳಿಯುತ್ತದೆ. ಯಾರ ಸಿಟ್ಟು ಇಳಿದರೆ ಯಾರಿಗೆ ಅನುಕೂಲ ಎಂದು ಅಲ್ಲಿ ಯಾರೂ ಬರೆದಿರಲಿಲ್ಲ. ಒಂದು ಬೇರು ಇಷ್ಟೆಲ್ಲ ಮಾಡುತ್ತದೆ ಅಂದರೆ ಅದು ಏನನ್ನೂ ಸರಿಯಾಗಿ ಮಾಡುತ್ತಿಲ್ಲ ಎಂದೇ ಅರ್ಥ. ಈ ಮಾತನ್ನು ನಾನು ಈಗಲೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಮುಂದಿನ ಶನಿವಾರ ಸಾಹೇಬರ ಅಂಗಡಿಗೆ ಹೋದೆ. ಶಿಡ್ಲಘಟ್ಟದ ಪೇಟೆಯಲ್ಲಿ ಎರಡು ಆಳು ನಿಂತರೆ ತುಂಬಿಹೋಗುವ ಅಂಗಡಿ. ಗೋಣಿಚೀಲಗಳ ಬಾಯಿ ಮಡಚಿ ಇಟ್ಟಿದ್ದರು. ಒಂದರಲ್ಲಿ ಅಳಲೆಕಾಯಿ, ಒಂದರಲ್ಲಿ ಬಜೆ, ಇನ್ನೊಂದರಲ್ಲಿ ಒಣಗಿ ಉದ್ದಕ್ಕೆ ಸುಕ್ಕುಬಿದ್ದ ಬಿಳಿ ಬೇರುಗಳು. ಸಾಹೇಬರಿಗೆ ಎಪ್ಪತ್ತು ದಾಟಿರಬೇಕು. ನಾನು ಯಾರ ತಂಗಿ ಎಂದು ಹೇಳಲಿಲ್ಲ. ಗಿರಾಕಿಯ ಹಾಗೆ ನಿಂತೆ.

"ಶತಾವರಿ ಪುಡಿ ಇದೆಯಾ?"

"ಇದೆ. ಆದ್ರೆ ಬೇರು ತಗೋ ಬೇಟಿ, ಪುಡಿ ಬೇಡ."

"ಯಾಕೆ?"

"ಪುಡಿ ಹೊರಗಿಂದ ಬರುತ್ತೆ. ಅದರಲ್ಲಿ ಏನು ಸೇರಿಸಿದ್ದಾರೆ ಅಂತ ನಂಗೇ ಗೊತ್ತಿಲ್ಲ, ನಿಂಗೇನು ಹೇಳ್ಲಿ?" ಒಂದು ಬೇರು ತೆಗೆದು ಪಟ್ಟನೆ ಮುರಿದರು. ನಡುವೆ ದಾರದಂಥ ನಾರು. "ಇದನ್ನ ಎಳೆದು ಬಿಸಾಕಿ, ಉಳಿದಿದ್ದನ್ನ ಕುಟ್ಟಬೇಕು. ತಿಂದು ನೋಡು."

ತಿಂದೆ. ಮೊದಲು ಸಪ್ಪೆ ಸಿಹಿ, ಆಮೇಲೆ ನಾಲಿಗೆಯ ಹಿಂದೆ ಕಹಿ. ಮಾರುವವನೇ ತನ್ನ ಸರಕಿನ ಬಗ್ಗೆ ಅನುಮಾನ ಪಟ್ಟರೆ ನಾನು ಮಾಡುವುದೇನು? ತಯಾರಿಸಿಕೊಂಡು ಹೋಗಿದ್ದ ಪ್ರಶ್ನೆಗಳಲ್ಲಿ ಅರ್ಧ ಅಲ್ಲೇ ಸತ್ತವು.

"ನಲವತ್ತೆಂಟು ದಿನ ಪಥ್ಯ ಇರಬೇಕಂತಲ್ಲ? ಹೊರೆ ಹೊರಬಾರದು, ಮಧ್ಯಾಹ್ನ ಮಲಗಬೇಕು..."

ಸಾಹೇಬರು ನಕ್ಕರು. "ದಿಬ್ಬೂರಹಳ್ಳಿ ಕಡೆಯವಳಾ ನೀನು? ಅಲ್ಲಿಂದ ಒಬ್ಬ ಅಮ್ಮ ಬರ್ತಾರೆ. ಸಾಬ್ರೇ, ಪಥ್ಯ ಸ್ವಲ್ಪ ಜೋರಾಗಿ ಹೇಳಿ, ನನ್ನ ಮಗನ ಎದುರಿಗೇ ಹೇಳಿ ಅಂತ ಮಗನ್ನ ಕರ್ಕೊಂಡೇ ಬಂದಿದ್ರು. ಅವರು ಹೇಳಿಕೊಟ್ಟಿದ್ದನ್ನ ನಾನು ಹೇಳ್ದೆ. ಖಾರ ಹುಳಿ ಕಮ್ಮಿ ಮಾಡು ಅನ್ನೋದಷ್ಟೇ ನನ್ನ ಪಥ್ಯ."

ಅಂಗಡಿಯಿಂದ ಇಳಿಯುವಾಗ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸಾಕ್ಷಿ ಸಿಕ್ಕಿತ್ತು. ಪಥ್ಯ ವೈದ್ಯರದಲ್ಲ, ಅಂಗಡಿಯವರದೂ ಅಲ್ಲ, ಅತ್ತೆಯದು. ಸೊಸೆಯ ಮೈಯನ್ನು ಇನ್ನೊಂದು ಹೆರಿಗೆಗೆ ಹದ ಮಾಡಲು ನಲವತ್ತೆಂಟು ದಿನದ ನಾಟಕ ಕಟ್ಟಿದ್ದಾರೆ. ಆ ಹೆಂಗಸು ಮಗನನ್ನು ಕರೆದುಕೊಂಡೇ ಯಾಕೆ ಹೋದರು? ಆ ಪ್ರಶ್ನೆ ನನಗೆ ಹೊಳೆಯಲಿಲ್ಲ. ಉತ್ತರ ಮೊದಲೇ ಕೈಯಲ್ಲಿದ್ದವರಿಗೆ ಪ್ರಶ್ನೆ ಹೊಳೆಯುವುದಿಲ್ಲ.

ಭಾನುವಾರ ಊಟದ ಹೊತ್ತಿಗೆ ಅಕ್ಕನ ಮನೆಯಲ್ಲಿ ಎಲ್ಲರೂ ಇದ್ದರು. ಮಾವ, ಅಂದರೆ ಅಕ್ಕನ ಮಾವ, ಗೋಡೆಗೆ ಒರಗಿ ಕೂತಿದ್ದರು. ಭಾವ ಎದುರಿಗೆ. ಮುದ್ದೆ ಮುರಿಯುವಾಗಲೇ ನಾನು ಶುರುಮಾಡಿದೆ.

"ಭಾವ, ಒಂದು ಮಾತು. ಈ ಬೇರಿಂದ ರಕ್ತ ಹೆಚ್ಚುತ್ತೆ ಅನ್ನೋದಕ್ಕೆ ಪುರಾವೆ ಏನಿದೆ?"

"ಬಂತಪ್ಪ ಲಾಯರಮ್ಮಂದು," ಅಂದರು ಭಾವ. "ಊಟ ಮಾಡೋಕೆ ಬಿಡು ತಾಯಿ. ಕೋರ್ಟು ಆಮೇಲೆ."

ನಾನು ಬಿಡಲಿಲ್ಲ. ಬೇರಿನ ಪುಡಿಯಲ್ಲಿ ಏನು ಬೆರೆತಿದೆ ಎಂದು ಮಾರುವವರಿಗೇ ಗೊತ್ತಿಲ್ಲ ಅಂದೆ. ಅಕ್ಕನಿಗೆ ಬೇಕಾದದ್ದು ರಕ್ತಪರೀಕ್ಷೆ, ಸ್ಕ್ಯಾನು, ಕಬ್ಬಿಣದ ಮಾತ್ರೆ ಅಂದೆ. ಕೊನೆಗೆ, ಮೇಷ್ಟ್ರು ಕಲಿಸಿದ ಹಾಗೆ, ಗಟ್ಟಿ ಮಾತನ್ನು ಕಡೆಯಲ್ಲಿಟ್ಟೆ. ಪಥ್ಯ ಸಾಹೇಬರು ಹೇಳಿದ್ದಲ್ಲ, ಅತ್ತೆ ಹೇಳಿಸಿದ್ದು.

ಭಾವ ತಾಯಿಯ ಕಡೆ ನೋಡಿದರು. "ಹೌದಾಮ್ಮಾ?"

ಅತ್ತೆ ಸಾರಿನ ಸೌಟನ್ನು ಪಾತ್ರೆಗೆ ಹಾಕಿ ಎದ್ದು ಹೋದರು. ಅಲ್ಲಿಗೆ ತೀರ್ಪಾಯಿತು.

"ನಾನೂ ಅಂದ್ಕೊಂಡೆ," ಅಂದರು ಮಾವ. "ಎರಡು ಹೊತ್ತು ಇಷ್ಟಿಷ್ಟು ಹಾಲು ಕುಡಿದ್ರೆ ಡೈರಿಗೆ ಏನು ಹಾಕೋದು? ಬೇರಂತೆ ಬೇರು."

"ಪರೀಕ್ಷೆ ಮಾಡ್ಸೋಣ ಬಿಡು," ಅಂದರು ಭಾವ, ಸಮಾಧಾನದ ದನಿಯಲ್ಲಿ. "ನೀನು ಹೇಳೋದು ಸರಿಯಾಗೇ ಇದೆ. ಈ ಬೆಳೆ ಇಳೀಲಿ, ಕರ್ಕೊಂಡು ಹೋಗ್ತೀನಿ."

ನನಗೆ ಗೆದ್ದ ಖುಷಿ. ನನ್ನ ವಾದದಲ್ಲಿ ಎರಡು ತುಂಡುಗಳಿದ್ದವು. ಪಥ್ಯ ನಿಲ್ಲಿಸಿ ಎನ್ನುವುದೊಂದು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎನ್ನುವುದೊಂದು. ಅವರು ತಮಗೆ ಅನುಕೂಲವಾದ ತುಂಡನ್ನು ಅವತ್ತೇ ಜಾರಿ ಮಾಡಿದರು, ಇನ್ನೊಂದನ್ನು ಬೆಳೆಯ ಆಚೆಗೆ ತಳ್ಳಿದರು. ವೇದಿಕೆಯ ಮೇಲಾಗಿದ್ದರೆ ಎದುರಾಳಿಯ ಈ ಕೈಚಳಕವನ್ನು ನಾನು ಕ್ಷಣದಲ್ಲಿ ಹಿಡಿಯುತ್ತಿದ್ದೆ. ಊಟದ ಮನೆಯಲ್ಲಿ ಹಿಡಿಯಲಿಲ್ಲ. ಅಕ್ಕ ಅವತ್ತು ನನ್ನ ಜೊತೆ ಬಸ್‌ ಸ್ಟಾಪಿನ ತನಕ ಬರಲಿಲ್ಲ. ನಿದ್ದೆ ಬರುತ್ತಿದೆ ಅಂದಿದ್ದಳು. ಆದರೆ ನಾನು ಹೊರಡುವಾಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಳುವಿನ ಮನೆಯ ಕಡೆ ನಡೆಯುತ್ತಿದ್ದಳು.

ಹನ್ನೊಂದನೇ ದಿನಕ್ಕೆ ಫೋನು ಬಂತು. ಹಿಪ್ಪುನೇರಳೆ ತೋಟದ ಬದುವಿನ ಮೇಲೆ, ಸೊಪ್ಪಿನ ಹೊರೆಯ ಸಮೇತ ಬಿದ್ದಿದ್ದಳು.

ನಾನು ಶಿಡ್ಲಘಟ್ಟದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳ ಕೈಗೆ ಸೂಜಿ ಚುಚ್ಚಿ ಬಾಟಲಿ ನೇತುಹಾಕಿದ್ದರು. ರಕ್ತದಲ್ಲಿ ಹಿಮೋಗ್ಲೋಬಿನ್ ಏಳೂ ಇಲ್ಲ ಅಂದರು ಡಾಕ್ಟರಮ್ಮ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಭಾವನನ್ನು ಗದರಿಸಿದರು. ಭಾವ ಮಾತ್ರೆ ತರಲು ಹೊರಗೆ ಹೋದರು. ಬೆಂಚಿನ ಮೇಲೆ ನಾನು, ಅತ್ತೆ, ಇಬ್ಬರೇ. ನನಗೆ ತಡೆಯಲಾಗಲಿಲ್ಲ.

"ನಿಮಗೆ ಮೊಮ್ಮಗ ಬೇಕಿತ್ತು, ಅದಕ್ಕೆ ಬೇರು ಕುಡಿಸಿದ್ರಿ. ಆಗಲೇ ಇಲ್ಲಿಗೆ ಕರ್ಕೊಂಡು ಬಂದಿದ್ರೆ..."

"ಮೊಮ್ಮಗ?" ಅತ್ತೆ ನನ್ನ ಕಡೆ ತಿರುಗಿದರು. "ಈ ಮೈಯಲ್ಲಿ ಇನ್ನೊಂದು ಹೆತ್ರೆ ಅವಳು ಉಳೀತಾಳಾ? ನಾನು ಐದು ಹೆತ್ತು ಮೂರು ಉಳಿಸ್ಕೊಂಡೋಳು ಕಣಮ್ಮ. ನನಗೆ ಅಷ್ಟೂ ತಿಳಿಯಲ್ವಾ?"

"ಮತ್ತೆ ಪಥ್ಯ ಯಾಕೆ ಹೇಳ್ಸಿದ್ರಿ? ಸುಳ್ಳು ಯಾಕೆ?"

"ಯಾಕೇನು? ಸೊಸೆಗೆ ದಿನಾ ಎರಡು ಲೋಟ ಹಾಲು ಕೊಡಿ ಅಂದ್ರೆ ನಿಮ್ಮ ಮಾವ ಕೊಡ್ತಾರಾ? ಹೊರೆ ಹೊರಿಸ್ಬೇಡ ಅಂದ್ರೆ ನನ್ನ ಮಗ ಕೇಳ್ತಾನಾ? ಕೆಟ್ಟೋನಲ್ಲ ಅವನು. ಆಳು ಸಿಗಲ್ಲ, ಏನು ಮಾಡ್ತಾನೆ? ಔಷಧಿ ಅಂದ್ರೆ ಹೆದರ್ತಾರೆ. ಪಥ್ಯ ಮುರಿದ್ರೆ ತಿರುಗಿ ಬೀಳುತ್ತೆ ಅಂದ್ರೆ ಇನ್ನೂ ಹೆದರ್ತಾರೆ. ಒಂದು ಮಂಡಲ ಅಂದ್ರೆ ಎರಡು ಬೆಳೆ. ಎರಡು ಬೆಳೆ ಅವಳ ಬೆನ್ನು ನೆಲಕ್ಕೆ ತಾಗ್ಲಿ ಅಂತ ಮಾಡ್ದೆ. ನೀನು ಬಂದೆ."

ನಾನು ಏನೋ ಹೇಳಲು ಹೋದೆ. ಅವರು ಕೈ ಎತ್ತಿದರು.

"ನೀನು ಹೀಗೆ ನಡುವೆ ಬರೋದು ಇದು ಎರಡನೇ ಸಲ. ಮುಂಚೆ ಆ ಮೂರು ದಿನ ಹೆಂಗಸರು ಹುಳದ ಮನೆ ಬಾಗಿಲು ದಾಟ್ತಿರಲಿಲ್ಲ. ಹುಳ ಕೆಡುತ್ತೆ ಅಂತಿದ್ರು. ಕೆಡುತ್ತೋ ಬಿಡುತ್ತೋ, ಮೂರು ದಿನ ಕೂತಿರ್ತಿದ್ವಿ. ಅದು ಮೂಢನಂಬಿಕೆ ಅಂತ ನನ್ನ ಮಗನಿಗೆ ಪಾಠ ಹೇಳಿದ್ದು ಯಾರು?"

ನಾನೇ. ಅಕ್ಕನ ಮದುವೆಯಾದ ಮೊದಲ ವರ್ಷ, ಅದೇ ನಡುಮನೆಯಲ್ಲಿ, ಮುಟ್ಟಿಗೂ ಹುಳುವಿಗೂ ಏನು ಸಂಬಂಧ ಎಂದು ಅರ್ಧ ಗಂಟೆ ಮಾತಾಡಿದ್ದೆ. ಭಾವ ತಕ್ಷಣ ಒಪ್ಪಿದ್ದರು. ಎಷ್ಟು ವಿಚಾರವಂತ ಎಂದು ನಾನು ಗೆಳತಿಯರ ಹತ್ತಿರ ಹೊಗಳಿಕೊಂಡಿದ್ದೆ. ಈಗಲೂ ಹೇಳುತ್ತೇನೆ, ಆ ಮಾತು ಸರಿಯೇ. ಮುಟ್ಟಾದವಳು ಮೈಲಿಗೆಯಲ್ಲ, ಅವಳಿಂದ ಹುಳು ಕೆಡುವುದಿಲ್ಲ. ಆದರೆ ಮೈಲಿಗೆ ಹೋದ ಜಾಗಕ್ಕೆ ವಿಶ್ರಾಂತಿ ಬಂತೋ, ಸೊಪ್ಪಿನ ಹೊರೆ ಬಂತೋ ಎಂದು ನಾನು ಹಿಂತಿರುಗಿ ನೋಡಿರಲಿಲ್ಲ. ಆ ದಿನಗಳಲ್ಲೂ ಅಕ್ಕ ಐದು ವರ್ಷ ಬಗ್ಗಿ ಕಸ ತೆಗೆದಿದ್ದಳು, ರಕ್ತ ನಿಲ್ಲದ ಈ ಒಂದು ವರ್ಷವೂ ಸೇರಿ.

ಒಳಗೆ ಹೋಗಿ ಅಕ್ಕನ ಪಕ್ಕ ಕೂತೆ. "ನಿನಗೆ ಗೊತ್ತಿತ್ತಾ? ಅತ್ತೆ ಯಾಕೆ ಹಾಗೆ ಮಾಡಿದ್ರು ಅಂತ?"

"ಗೊತ್ತಿತ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸುಮ್ಮನಿರ್ತಿದ್ಯಾ? ಮಾವನ ಎದುರಿಗೆ ನಿಂತು, ಇವಳಿಗೆ ವಿಶ್ರಾಂತಿ ಹಕ್ಕು ಅಂತ ಭಾಷಣ ಮಾಡ್ತಿದ್ದೆ. ನೀನು ಮಾತಾಡಿ ಬಸ್ಸು ಹತ್ತಿ ಹೋಗ್ತೀಯ. ಇರೋಳು ನಾನು." ಬಾಟಲಿಯ ಕಡೆ ತಿರುಗಿ ಅಂದಳು. "ಹುಳುಗೆ ಜ್ವರ ಬಂದ್ರೆ ಯಾರೂ ಮುಟ್ಟಲ್ಲ, ನೋಡಿದ್ದೀಯಾ? ತಾವಾಗಿ ಎದ್ದೇಳೋ ತನಕ ಕಾಯ್ತಾರೆ."

ನಮ್ಮ ಕಡೆ ಹುಳು ಪೊರೆ ಬಿಡುವುದನ್ನು ಜ್ವರ ಅನ್ನುತ್ತಾರೆ. ತಲೆ ಎತ್ತಿ ಸುಮ್ಮನೆ ನಿಂತಿರುತ್ತದೆ, ತಿನ್ನುವುದಿಲ್ಲ. ಆಗ ಆ ಮನೆಯಲ್ಲಿ ಜೋರಾಗಿ ಬಾಗಿಲು ಕೂಡ ಹಾಕುವುದಿಲ್ಲ.

ಮೂರನೇ ದಿನ ಅಕ್ಕನನ್ನು ಮನೆಗೆ ಕರೆತಂದೆವು. ಅಷ್ಟರಲ್ಲಿ ಸ್ಕ್ಯಾನೂ ಆಗಿತ್ತು. ಗರ್ಭಕೋಶದಲ್ಲಿ ಸಣ್ಣ ಗಂಟು, ಸದ್ಯಕ್ಕೆ ರಕ್ತ ತಡೆಯುವ ಮಾತ್ರೆ, ಕಬ್ಬಿಣದ ಮಾತ್ರೆ, ಆರು ತಿಂಗಳಿಗೆ ಮತ್ತೆ ನೋಡೋಣ ಅಂದಿದ್ದರು ಡಾಕ್ಟರಮ್ಮ. ಚೀಟಿಯ ಕೊನೆಯಲ್ಲಿ ರೆಸ್ಟ್ ಎಂದು ಬರೆಯಿರಿ ಎಂದು ನಾನೇ ಒತ್ತಾಯಿಸಿದ್ದೆ. ಬರೆದು, ಪೆನ್ನು ಮುಚ್ಚುತ್ತ, "ಬರೀತೀನಿ ತಾಯಿ, ಓದೋರು ಯಾರು?" ಅಂದಿದ್ದರು.

ಅವರು ಹೇಳಿದ್ದು ಸುಳ್ಳಾಗಲಿಲ್ಲ. ಹುಳು ನಾಲ್ಕನೇ ಜ್ವರದಿಂದ ಆಗಷ್ಟೇ ಎದ್ದಿತ್ತು. ಇನ್ನು ಏಳೆಂಟು ದಿನ ಅದು ತಿನ್ನುವ ಸದ್ದು ಮಳೆ ಹನಿಯುವ ಹಾಗೆ ಹೊರಗಿನವರೆಗೂ ಕೇಳುತ್ತದೆ. ಇಡೀ ಬೆಳೆಯಲ್ಲಿ ಹಾಕುವ ಸೊಪ್ಪಿನಲ್ಲಿ ಬಹುಪಾಲು ಆ ದಿನಗಳಲ್ಲೇ ಹೋಗುತ್ತದೆ. ಹುಳುವಿನ ಮನೆಯ ಹೊಸ್ತಿಲಲ್ಲಿ ಕಾಲಿಗೆ ಹಾಕುವ ಸುಣ್ಣದ ಪುಡಿ ತುಳಿದುಕೊಂಡು ಭಾವ ನಿಂತಿದ್ದರು. ಕಣ್ಣು ಕೆಂಪಾಗಿದ್ದವು. ಮೂರು ದಿನದಿಂದ ಅವರೂ ಮಲಗಿರಲಿಲ್ಲ.

"ಮತ್ತೆ ಪಥ್ಯ ಶುರು ಮಾಡ್ಬೇಕು," ಅಂದರು ಅತ್ತೆ. "ಬೇರು ತಂದಿದ್ದೀನಿ. ಇವತ್ತಿಂದ ನಲವತ್ತೆಂಟು ದಿನ."

ಭಾವ ನನ್ನ ಕಡೆ ತಿರುಗಿದರು. "ಲಾಯರಮ್ಮ, ಅವತ್ತು ನೀನೇ ತಾನೆ ಹೇಳಿದ್ದು ಅದರಲ್ಲಿ ಏನೂ ಇಲ್ಲ ಅಂತ? ಈಗ ನೀನೇ ಹೇಳು. ಆ ಬೇರಲ್ಲಿ ಏನಾದ್ರೂ ಇದೆಯಾ, ಇಲ್ವಾ? ಇದೆ ಅಂದ್ರೆ ನಾನು ಹೇಗೋ ನೋಡ್ಕೋತೀನಿ. ಇಲ್ಲ ಅಂದ್ರೆ ಈ ಒಂದು ವಾರ ಅವಳು ಒಳಗಾದ್ರೂ ಇದ್ದು ಸೊಪ್ಪು ಹಾಕ್ಲಿ. ಕೂತು ಮಾಡೋ ಕೆಲಸ ಅಷ್ಟೇ."

ಅತ್ತೆ ನನ್ನ ಮುಖ ನೋಡಲಿಲ್ಲ, ನೆಲ ನೋಡಿದರು. ಇದೆ ಅಂದರೆ ಅಕ್ಕನಿಗೆ ಮಂಚ ಸಿಗುತ್ತದೆ. ಒಂದು ಶಬ್ದ. ಎರಡೂ ಪಕ್ಷದಲ್ಲಿ ನಿಂತು ಮಾತಾಡಿ ಕಪ್ಪು ಗೆದ್ದವಳು ನಾನು, ಆ ಒಂದು ಶಬ್ದ ನಾಲಿಗೆಗೆ ಬರಲಿಲ್ಲ. ಸತ್ಯನಿಷ್ಠೆ ಎಂದು ಹೇಳಿಕೊಂಡರೆ ಬಡಾಯಿಯಾಗುತ್ತದೆ. ಹಟವೂ ಇತ್ತು.

"ಗೊತ್ತಿಲ್ಲ ಭಾವ," ಅಂದೆ. "ಅವತ್ತೂ ಗೊತ್ತಿರಲಿಲ್ಲ. ಗೊತ್ತಿರೋಳ ಹಾಗೆ ಮಾತಾಡ್ದೆ. ಅವತ್ತು ಬೇರಿನ ಜೊತೆ ಪಥ್ಯಾನೂ ಸೇರಿಸಿ ಬಿಸಾಕಿಸ್ದೆ, ಅದು ನನ್ನ ತಪ್ಪು. ಹೊರೆ ಹೊರದೆ ಇರೋದು, ಹಾಲು, ನಿದ್ದೆ, ಇಷ್ಟೂ ಅವಳಿಗೆ ಬೇಕೇ ಬೇಕು. ಡಾಕ್ಟ್ರು ಬರೆದಿದ್ದಾರೆ, ಅತ್ತೆ ಅವರಿಗಿಂತ ಮುಂಚೆ ಹೇಳಿದ್ದಾರೆ. ಈ ಬೆಳೆ ಮುಗಿಯೋ ತನಕ ಅವಳ ಕೆಲಸ ನಾನು ಮಾಡ್ತೀನಿ. ಕಾಲೇಜಿಗೆ ರಜೆ ಇದೆ."

"ನೀನಾ? ಸೊಪ್ಪು ಕೊಯ್ಯೋಕೆ ಬರುತ್ತಾ?"

"ಬರಲ್ಲ."

ಒಳಗಿನಿಂದ ಮಾವನ ದನಿ ಬಂತು. "ಕೊಯ್ಯೋದ್ಯಾಕೆ? ಬಂದು ಹುಳುಗಳ ಹತ್ರ ಮಾತಾಡ್ಲಿ. ತಪ್ಪಿಸ್ಕೊಂಡ್ರೆ ಸಾಕು ಅಂತ ನಾಳೇನೇ ಗೂಡು ಕಟ್ಬಿಡ್ತವೆ."

ಭಾವನಿಗೆ ನಗು ತಡೆಯಲಾಗಲಿಲ್ಲ. ಹಾಗೆ ನಗುತ್ತಲೇ ಕುಡುಗೋಲು ಕೊಟ್ಟರು.

ನಾನು ಎರಡೇ ದಿನಕ್ಕೆ ಅಂಗೈ ಕುಯ್ದುಕೊಂಡೆ. ಹೊರೆ ಕಟ್ಟಿದರೆ ದಾರಿಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಪಕ್ಕದ ತೋಟದ ಹೆಂಗಸರು "ಮೇಡಂ ಬಂದ್ರು, ಮೇಡಂ ಹೊರೆ ಬಿತ್ತು" ಎಂದು ಹಾಡು ಕಟ್ಟಿದರು. ಆಮೇಲೆ ಅವರೇ ಬಂದು ಕಟ್ಟಿಕೊಟ್ಟರು. ಮುಂದಿನ ಬೆಳೆಗೆ ಅವರಲ್ಲಿ ಇಬ್ಬರನ್ನು ಅತ್ತೆ ಮುಯ್ಯಾಳಿಗೆ ಒಪ್ಪಿಸಿದರು. ಅವರು ಇಲ್ಲಿ ದುಡಿದಷ್ಟು ದಿನ ಭಾವ ಅವರ ತೋಟದಲ್ಲಿ ಉಳುಮೆ ಮಾಡಿಕೊಡುವುದು. ಈ ದಾರಿ ಮೊದಲೂ ಇತ್ತಲ್ಲ ಎಂದು ಕೇಳಿದ್ದಕ್ಕೆ ಅತ್ತೆ, "ಇತ್ತು. ಹೆಂಡ್ತಿ ಇರೋವಾಗ ಯಾರು ಯೋಚನೆ ಮಾಡ್ತಾರೆ?" ಅಂದರು.

ನಾವಿಬ್ಬರೂ ರಾಜಿಯಾದೆವು ಎಂದು ಯಾರೂ ತಿಳಿಯಬಾರದು. ಮೊದಲ ದಿನವೇ ಜಗಳ. ಅತ್ತೆ ಕಬ್ಬಿಣದ ಮಾತ್ರೆಯನ್ನು ಶತಾವರಿ ಹಾಲಿನ ಜೊತೆಗೇ ನುಂಗಿಸಲು ನೋಡಿದರು, ಉಷ್ಣವೂ ತಂಪೂ ಸರಿಹೋಗಲಿ ಎಂದು. ಹಾಲಿನ ಜೊತೆ ಕೊಟ್ಟರೆ ಕಬ್ಬಿಣ ಮೈಗೆ ಹತ್ತುವುದಿಲ್ಲ ಎಂದು ನಾನು ಲೋಟಕ್ಕೆ ಕೈ ಅಡ್ಡ ಇಟ್ಟೆ.

"ನೋಡ್ದಾ? ನಿನ್ನ ಮಾತ್ರೆಗೂ ಪಥ್ಯ ಇದೆ," ಅಂದರು.

"ಇದೆ. ಆದ್ರೆ ಯಾಕೆ ಅಂತ ಕೇಳಿದ್ರೆ ಉತ್ತರಾನೂ ಇದೆ."

"ಉತ್ತರ ಕುಡಿದು ಹೊಟ್ಟೆ ತುಂಬುತ್ತಾ?"

ಕೊನೆಗೆ ಒಪ್ಪಂದವಾಯಿತು. ಬೆಳಿಗ್ಗೆ ತಿಂಡಿಯಾದ ಮೇಲೆ ನಿಂಬೆರಸದ ಜೊತೆ ನನ್ನ ಮಾತ್ರೆ. ಹಾಲು ಮಧ್ಯಾಹ್ನ ಮತ್ತು ಸಂಜೆ, ಅವರ ಬೇರು ಹಾಕಿ. ಡಾಕ್ಟರಮ್ಮನಿಗೆ ಫೋನು ಮಾಡಿ ಬೇರಿನ ವಿಷಯ ಹೇಳಿದೆ. ಗಂಟು ಇರುವವರಿಗೆ ಇದು ಒಳ್ಳೆಯದು ಎಂದೂ ಹೇಳಲಾರೆ, ಕೆಟ್ಟದ್ದು ಎಂದೂ ಖಚಿತವಾಗಿ ಹೇಳಲಾರೆ, ಸ್ವಲ್ಪ ಕಡಿಮೆ ಮಾಡಿ, ರಕ್ತ ಹೆಚ್ಚು ಹೋದರೆ ತಕ್ಷಣ ನಿಲ್ಲಿಸಿ ಬನ್ನಿ ಅಂದರು. ಒಂದು ಚಮಚ ಅರ್ಧವಾಯಿತು. ಅತ್ತೆ ಮುಖ ಊದಿಸಿಕೊಂಡು ಅರ್ಧ ಚಮಚವನ್ನು ಎದ್ದು ಕಾಣುವಷ್ಟು ಗುಡ್ಡೆಯಾಗಿ ತುಂಬಿಸಿ ಹಾಕುತ್ತಿದ್ದರು. ನಾನು ನೋಡಿಯೂ ನೋಡದವಳಂತಿರಲಿಲ್ಲ, ಚಾಕುವಿನಿಂದ ಮಟ್ಟ ಮಾಡುತ್ತಿದ್ದೆ. ಬೇರನ್ನು ಅವರು ಕಣ್ಣೆದುರಿಗೇ ಕುಟ್ಟಬೇಕು ಎನ್ನುವುದೂ ನನ್ನ ಷರತ್ತು.

ಅಕ್ಕ ಎರಡೂ ನುಂಗಿ, ಎರಡೂ ಕುಡಿದು, ಮಧ್ಯಾಹ್ನ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿರುತ್ತಿತ್ತು. ಮಾವ ನಡುಮನೆ ದಾಟುವಾಗ ಒಂದೆರಡು ದಿನ ಕೆಮ್ಮಿ ನೋಡಿದರು. ಆಮೇಲೆ ಬಿಟ್ಟರು.

ನಲವತ್ತೆಂಟು ದಿನ ಮುಗಿದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆವು. ಹತ್ತು ದಾಟಿತ್ತು. ಬೆಂಚಿನ ಮೇಲೆ ಚೀಟಿ ಹಿಡಿದು ಕೂತಿದ್ದ ಅತ್ತೆ ನನ್ನ ಮೊಣಕೈ ತಿವಿದರು.

"ಏನಮ್ಮಣ್ಣಿ? ಬೇರು."

"ಮಾತ್ರೆ," ಅಂದೆ.

"ನಿದ್ದೆ," ಅಂದಳು ಅಕ್ಕ. ಒಂದೇ ಉಸಿರಿಗೆ ಮುಂದುವರಿಸಿದಳು. "ನಿಮ್ಮಿಬ್ಬರ ಗಲಾಟೇಲಿ ಅದೂ ಅರ್ಧ ಹಾಳಾಯ್ತು. ನಡೀರಿ, ಬಸ್ಸು ಹೋಗುತ್ತೆ."

ಮೂರರಲ್ಲಿ ಯಾವುದು ಎಂದು ತಿಳಿಯುವ ವಿಧಾನ ನನಗೆ ಗೊತ್ತು. ಒಂದೊಂದನ್ನೇ ನಿಲ್ಲಿಸಿ ನೋಡಬೇಕು. ಮಾತ್ರೆಯನ್ನು ನಿಲ್ಲಿಸುವ ಮಾತೇ ಇಲ್ಲ. ನಿದ್ದೆಯನ್ನು ನಿಲ್ಲಿಸಿದರೆ ಏನಾಗುತ್ತದೆ ಎಂದು ಒಮ್ಮೆ ನೋಡಿಯಾಗಿದೆ. ಉಳಿದದ್ದು ಬೇರು. ಅದನ್ನು ನಿಲ್ಲಿಸಬಹುದು. ನನ್ನ ಅನುಮಾನ ಇವತ್ತಿಗೂ ಅದರ ಮೇಲೆಯೇ. ಆದರೆ ಆ ಮನೆಯಲ್ಲಿ ಬೇರು ನಿಂತ ದಿನ ಹಾಲು ಡೈರಿಯ ಕಡೆ ತಿರುಗುವುದಿಲ್ಲ, ಮಂಚ ಗೋಡೆಗೆ ಒರಗುವುದಿಲ್ಲ ಎಂದು ಯಾರಾದರೂ ನನಗೆ ಮೊದಲು ಸಾಬೀತು ಮಾಡಲಿ.

"ಇನ್ನೊಂದು ಮಂಡಲ ಕೊಡೋಣ ಅಂತಿದ್ದೀನಿ," ಅಂದರು ಅತ್ತೆ, ಬಸ್ಸಿನಲ್ಲಿ, ನನ್ನ ಕಡೆ ನೋಡದೆ. "ಏನಾದ್ರೂ ಹೇಳೋದಿದ್ರೆ ಇಲ್ಲೇ ಹೇಳು. ಮನೇಲಿ ಅವರ ಎದುರಿಗೆ ಬೇಡ."

ಹೇಳುವುದು ಬಹಳ ಇತ್ತು. ಬಸ್ಸು ಶಿಡ್ಲಘಟ್ಟ ಬಿಟ್ಟ ಮೇಲೆ ದಿಬ್ಬೂರಹಳ್ಳಿ ತಲುಪುವ ತನಕ ಪೂರ್ತಿ ಹೇಳಿದೆ. ಮನೆ ಮುಟ್ಟಿದಾಗ ಭಾವ ಬಾಗಿಲಲ್ಲೇ ಕೇಳಿದರು, ಪಥ್ಯ ಮುಗೀತಾ ಎಂದು.

"ಇಲ್ಲ ಭಾವ," ಅಂದೆ. "ಇನ್ನೂ ನಲವತ್ತೆಂಟು ದಿನ ಇದೆ."